ಸಿಗ್ನಲ್ಲಲ್ಲಿ ಹಳೇ ಕಾರು ಆಫ್ ಆಗ್ತಿದ್ಯಾ? ಪಾರ್ಟ್ ಬದಲಾಯಿಸೋ ಮುಂಚೆ ಹೀಗೆ ಹುಡುಕಿ

ಇವತ್ತಿನ ಎಪಿಸೋಡ್ ಷೇರು, ಸಾಲ, ಟ್ಯಾಕ್ಸ್ ಬಗ್ಗೆ ಅಲ್ಲ. ಆದ್ರೆ ದುಡ್ಡಿನ ಬಗ್ಗೇನೇ. ಮನೇಲಿ ಹತ್ತು ಹದಿನೈದು ವರ್ಷದ ಪೆಟ್ರೋಲ್ ಕಾರು ಇರೋರು, ಅಥವಾ ಮೊದಲ ಕಾರು ಅಂತ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿರೋರು ಪೂರ್ತಿ ಕೇಳಿ.

ಸಮಸ್ಯೆ ನಿಮಗೆ ಗೊತ್ತಿರೋದೇ. ಗಾಡಿ ಓಡುವಾಗ ಚೆನ್ನಾಗಿದೆ. ನಿಲ್ಲಿಸಿದ ತಕ್ಷಣ ನಡುಗತ್ತೆ, ಸ್ಟೇರಿಂಗ್ ಅಲ್ಲಾಡತ್ತೆ, ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಕುಣಿಯತ್ತೆ. ಸಿಗ್ನಲ್ಲಲ್ಲಿ ಪುಸಕ್ ಅಂತ ಆಫ್ ಆಗತ್ತೆ. ಹಿಂದಿನವರು ಹಾರ್ನ್ ಹೊಡೀತಾರೆ. ಗ್ಯಾರೇಜಿಗೆ ಹೋದ್ರೆ ‘ಮಿಸ್ಸಿಂಗ್ ಇದೆ ಸಾರ್’ ಅಂತಾರೆ. ಆಮೇಲೆ ಒಂದೊಂದಾಗಿ ಪಾರ್ಟ್ ಬದಲಾವಣೆ ಶುರು. ಪ್ಲಗ್ ಆಯ್ತು, ಕಾಯಿಲ್ ಆಯ್ತು, ಸೆನ್ಸರ್ ಆಯ್ತು, ಫ್ಯೂಯೆಲ್ ಪಂಪ್ ಆಯ್ತು. ಬಿಲ್ಲು ಏರ್ತಾ ಹೋಗತ್ತೆ, ನಡುಕ ಮಾತ್ರ ಹಾಗೇ ಇರತ್ತೆ. ಕೊನೆಗೆ ಮನೇಲಿ ಯಾರಾದ್ರೂ ಒಬ್ಬರು ‘ಸಾಕಪ್ಪಾ, ಗುಜರಿಗೆ ಹಾಕಿ’ ಅಂದುಬಿಡ್ತಾರೆ.

ಇವತ್ತು ನಾನು ಹೇಳೋ ವಿಷಯ ಒಂದೇ. ಐಡಲ್‌ನಲ್ಲಿ ಬರೋ ತೊಂದರೆಗೆ ಬಹಳ ಸಲ ಕಾರಣ ಸಣ್ಣದಿರತ್ತೆ. ಅದನ್ನ ಪಾರ್ಟ್ ಕೊಂಡು ಹುಡುಕಬಾರದು, ಪರೀಕ್ಷೆ ಮಾಡಿ ಹುಡುಕಬೇಕು. ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಹಾಗಾಗಿ ಇದನ್ನ ನನಗೆ ಗೊತ್ತಿರೋ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ.

ಐಡಲ್ ಅಂದ್ರೆ ವ್ಯಾಪಾರ ಕಡಿಮೆ ಇರೋ ಅಂಗಡಿ

ಆಕ್ಸಿಲರೇಟರ್ ಮೇಲೆ ಕಾಲಿಲ್ಲದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ತಿರುಗೋದು ಐಡಲಿಂಗ್. ಚೆನ್ನಾಗಿರೋ ಸಣ್ಣ ಪೆಟ್ರೋಲ್ ಕಾರು ಬಿಸಿಯಾದ ಮೇಲೆ ಸಾಮಾನ್ಯವಾಗಿ 700ರಿಂದ 950 ಆರ್‌ಪಿಎಂ ಒಳಗೆ ನಿಂತಿರತ್ತೆ. ನಿಮ್ಮ ಕಾರಿಗೆ ಎಷ್ಟಿರಬೇಕು ಅನ್ನೋದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರತ್ತೆ.

ಈಗ ಒಂದು ಅಂಗಡಿ ಅಂದ್ಕೊಳ್ಳಿ. ತಿಂಗಳ ಬಾಡಿಗೆ 10,000 ರೂಪಾಯಿ. ವ್ಯಾಪಾರ 2 ಲಕ್ಷ ಇದ್ದಾಗ ಬಾಡಿಗೆ ಅದರ 5 ಪರ್ಸೆಂಟ್ ಅಷ್ಟೇ, ಯಾರೂ ತಲೆ ಕೆಡಿಸ್ಕೊಳಲ್ಲ. ಅದೇ ವ್ಯಾಪಾರ 20,000ಕ್ಕೆ ಇಳಿದ್ರೆ ಬಾಡಿಗೆ 50 ಪರ್ಸೆಂಟ್. ಬಾಡಿಗೆ ಬದಲಾಗಿಲ್ಲ, ಆದ್ರೆ ಅಂಗಡಿ ಮುಚ್ಚೋ ಸ್ಥಿತಿ.

ಎಂಜಿನ್ನಿಗೂ ಹಾಗೇ. ಹೈವೇಲಿ ಓಡುವಾಗ ಅದು ಸಿಕ್ಕಾಪಟ್ಟೆ ಗಾಳಿ ಎಳ್ಕೊಳ್ಳತ್ತೆ. ಎಲ್ಲೋ ಒಂದು ರಬ್ಬರ್ ಪೈಪ್ ಸೀಳಿ ಸ್ವಲ್ಪ ಗಾಳಿ ಕಳ್ಳದಾರಿಯಲ್ಲಿ ಒಳಗೆ ಬಂದ್ರೂ ಗೊತ್ತಾಗಲ್ಲ. ಐಡಲ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರತ್ತೆ. ಎಂಜಿನ್ ಬದುಕಿರೋದೇ ತೀರಾ ಸ್ವಲ್ಪ ಗಾಳಿಯಲ್ಲಿ. ಆಗ ಅದೇ ಸೀಳು ದೊಡ್ಡ ಪಾಲು ತಗೊಳ್ಳತ್ತೆ. ಪೆಟ್ರೋಲ್ ಪೂರ್ತಿ ಉರಿಯೋಕೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆ ಲೆಕ್ಕ ತಪ್ಪಿದಾಗ ಕೆಲವು ಕಾರಲ್ಲಿ ಐಡಲ್ ಇಳಿಯತ್ತೆ, ಕೆಲವಲ್ಲಿ ಏರತ್ತೆ, ಇನ್ನು ಕೆಲವಲ್ಲಿ ಏರಿಳೀತಾನೇ ಇರತ್ತೆ.

‘ಹೈವೇಲಿ ಸೂಪರಾಗಿ ಹೋಗತ್ತೆ, ಸಿಗ್ನಲ್ಲಲ್ಲಿ ಸಾಯತ್ತೆ’ ಅನ್ನೋ ಮಾತಿನ ಅರ್ಥ ಇದೇ. ಐಡಲ್‌ನಲ್ಲಿ ಮಾತ್ರ ತೊಂದರೆ ಇದ್ರೆ ಮೊದಲು ಗಾಳಿ ದಾರಿ ಮೇಲೆ ಅನುಮಾನ ಪಡಿ. ಐಡಲ್ ಸರಿ ಇದ್ದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ ಎಳೀದೇ ಇದ್ರೆ ಪೆಟ್ರೋಲ್ ಸರಬರಾಜಿನ ಮೇಲೆ ಅನುಮಾನ ಪಡಿ. ಯಾಕಂದ್ರೆ ಫಿಲ್ಟರ್ ಕಟ್ಟಿದ್ರೆ, ಪಂಪ್ ಸೊರಗಿದ್ರೆ ಹೆಚ್ಚು ಪೆಟ್ರೋಲ್ ಬೇಕಾದಾಗಲೇ ಕೊರತೆ ಜಾಸ್ತಿ ಕಾಣೋದು.

ಬಾನೆಟ್ ತೆಗೆಯೋ ಮುಂಚೆ ನೋಟ್ಸ್ ತೆಗೀರಿ

ಫೋನಲ್ಲಿ ಒಂದು ನೋಟ್ ಓಪನ್ ಮಾಡಿ. ಒಂದು ವಾರ ಗಾಡಿ ಯಾವಾಗ ಆಫ್ ಆಯ್ತು ಅಂತ ಬರ್ಕೊಳ್ಳಿ. ಈ ಪ್ರಶ್ನೆಗಳಿಗೆ ಉತ್ತರ ಸಿಗಬೇಕು.

ಬೆಳಗ್ಗೆ ತಣ್ಣಗಿದ್ದಾಗ ಮಾತ್ರ ಆಗತ್ತಾ? ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರಿಗೆ ಹೇಳೋ ಟೆಂಪರೇಚರ್ ಸೆನ್ಸರ್, ಇಲ್ಲಾ ಕೊಳೆ ಕಟ್ಟಿದ ಥ್ರಾಟಲ್ ಇರಬಹುದು.

ಎಸಿ ಹಾಕಿದಾಗ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಆಗತ್ತಾ? ಆಗ ಎಂಜಿನ್ ಮೇಲೆ ಭಾರ ಬೀಳತ್ತೆ, ಕಂಪ್ಯೂಟರ್ ಸ್ವಲ್ಪ ಜಾಸ್ತಿ ಗಾಳಿ ಕೊಟ್ಟು ಸಮ ಮಾಡಬೇಕು. ಆ ದಾರಿ ಕಟ್ಟಿದ್ರೆ ಎಂಜಿನ್ ಸೋಲತ್ತೆ.

ಮಳೆ ಬಂದಾಗ ಮಾತ್ರ ಆಗತ್ತಾ? ಪ್ಲಗ್ ವೈರ್, ಕಾಯಿಲ್, ತೀರಾ ಹಳೇ ಗಾಡಿ ಆದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಕಡೆ ನೋಡಿ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ದೂರದಿಂದ ನೋಡಿದ್ರೆ, ಸೀಳಿದ ವೈರಿಂದ ಕಿಡಿ ಹಾರೋದು ಕೆಲವೊಮ್ಮೆ ಕಣ್ಣಿಗೇ ಕಾಣತ್ತೆ. ಮುಟ್ಟಬೇಡಿ, ಅದು ಸಾವಿರಾರು ವೋಲ್ಟ್.

ಗ್ಯಾಸ್ ಕಿಟ್ ಇದ್ಯಾ? ಎಲ್‌ಪಿಜಿ ಅಥವಾ ಸಿಎನ್‌ಜಿಯಲ್ಲಿ ಮಾತ್ರ ನಡುಕ ಇದ್ದು ಪೆಟ್ರೋಲಿಗೆ ಹಾಕಿದ ತಕ್ಷಣ ಸರಿಯಾದ್ರೆ, ಮೊದಲು ನೋಡಬೇಕಾದ್ದು ಕಿಟ್ಟನ್ನ. ಒಂದು ಸ್ವಿಚ್ ಒತ್ತಿ ಇಷ್ಟು ತಿಳ್ಕೊಬಹುದು, ಖರ್ಚು ಸೊನ್ನೆ.

ಇನ್ನೊಂದು ಬಹಳ ಮುಖ್ಯ. ಗಾಡಿ ನಡುಗ್ತಿದೆ, ಆದ್ರೆ ಆರ್‌ಪಿಎಂ ಮುಳ್ಳು ಅಲ್ಲಾಡದೆ ನಿಂತಿದೆ, ಶಬ್ದ ಕೂಡ ಒಂದೇ ಸಮ ಇದೆ. ಹಾಗಾದ್ರೆ ಎಂಜಿನ್ ಸರಿಯಾಗೇ ಉರೀತಿರಬಹುದು, ಅದನ್ನ ಹಿಡಿದಿರೋ ರಬ್ಬರ್ ಮೌಂಟಿಂಗ್ ಹೋಗಿರಬಹುದು. ಅಂಥ ಗಾಡಿಗೆ ಪ್ಲಗ್, ಇಂಜೆಕ್ಟರ್ ಬದಲಾಯಿಸೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕಾಮರ್ಸ್ ಓದಿದ ನನಗೆ ಇಷ್ಟವಾದ ಸಾಕ್ಷಿ ಒಂದಿದೆ, ಎಮಿಷನ್ ಟೆಸ್ಟ್ ಚೀಟಿ. ಪೆಟ್ರೋಲ್ ಕಾರಿನ ಆ ಪರೀಕ್ಷೆಯನ್ನ ಐಡಲ್‌ನಲ್ಲೇ ಮಾಡ್ತಾರೆ. ಅದರಲ್ಲಿ ಎಚ್‌ಸಿ ಅನ್ನೋ ಅಂಕಿ ಅಂದ್ರೆ ಉರಿಯದೆ ಹೊರಗೆ ಹೋದ ಪೆಟ್ರೋಲ್. ಸಿಒ ಅಂದ್ರೆ ಅರೆಬರೆ ಉರಿದ ಪೆಟ್ರೋಲ್. ಹಳೇ ಚೀಟಿ, ಹೊಸ ಚೀಟಿ ಪಕ್ಕ ಪಕ್ಕ ಇಡಿ. ಎಚ್‌ಸಿ ಮಾತ್ರ ಜೋರಾಗಿ ಏರಿದ್ರೆ ಯಾವುದೋ ಸಿಲಿಂಡರ್ ಮಿಸ್ ಹೊಡೀತಿದೆ ಅನ್ನೋ ಸೂಚನೆ. ಸಿಒ ಏರಿದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ. ಡ್ಯಾಶ್‌ಬೋರ್ಡಲ್ಲಿ ಮಡಚಿಟ್ಟ ಕಾಗದವೇ ಒಂದು ಲ್ಯಾಬ್ ರಿಪೋರ್ಟ್.

ತುಮಕೂರಿನ ಕಾರಿನ ಲೆಕ್ಕ

ಈ ಎಪಿಸೋಡ್ ಮಾಡೋಕೆ ಕಾರಣ ನಮ್ಮ ಅಪ್ಪನ ಕಾರು. ಅಪ್ಪ ರಿಟೈರ್ ಆದ ಮೇಷ್ಟ್ರು. ಕಾರು 2009ರದ್ದು, ನಾಲ್ಕು ಸಿಲಿಂಡರ್ ಪೆಟ್ರೋಲ್. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯತ್ತೆ, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕು. ಆ ಸಮಯಕ್ಕೇ ಸರಿಯಾಗಿ ಗಾಡಿ ಸಿಗ್ನಲ್ಲಲ್ಲಿ ಆಫ್ ಆಗೋಕೆ ಶುರುವಾಯ್ತು. ಒಂದು ಗ್ಯಾರೇಜಿನವರು ಇಂಜೆಕ್ಟರ್, ಪಂಪ್, ಸೆನ್ಸರ್ ಎಲ್ಲ ಸೇರಿ 18,000 ಅಂದ್ರು. ಗುಜರಿಯವರು 25,000ಕ್ಕೆ ತಗೋತೀನಿ ಅಂದ್ರು. ಅಪ್ಪ ಕೊಟ್ಟುಬಿಡೋಕೆ ರೆಡಿ ಇದ್ರು. ಅಮ್ಮನ ಮಂಡಿ ನೋವಿಗೆ ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಹೋಗೋಕೆ ಇರೋದು ಅದೊಂದೇ ಕಾರು. ಹೊಸದು ತಗೊಳ್ಳೋ ಪೆನ್ಷನ್ ಅಲ್ಲ ಅವರದ್ದು.

ನಾನು ಅಪ್ಪನಿಗೆ ಫೋನ್ ಮಾಡಿ ‘ಒಂದು ವಾರ ಬರ್ಕೊಳಿ ಅಪ್ಪ, ಯಾವಾಗ್ಯಾವಾಗ ಆಫ್ ಆಗತ್ತೆ ಅಂತ’ ಅಂದೆ. ಮೇಷ್ಟ್ರಲ್ವಾ, ಡೈರಿಯಲ್ಲಿ ಟೇಬಲ್ ಹಾಕಿ ಬರೆದಿದ್ರು. ತಣ್ಣಗಿದ್ರೂ ನಡುಕ, ಬಿಸಿಯಾದ್ರೂ ನಡುಕ. ಮಳೆಗೂ ಅದಕ್ಕೂ ಸಂಬಂಧ ಇಲ್ಲ. 1,500 ಆರ್‌ಪಿಎಂ ದಾಟಿದ್ರೆ ಏನೂ ತೊಂದರೆ ಇಲ್ಲ. ಕೊನೆಯ ಸಾಲು: ‘ನಿಂತಾಗ ಉಸ್ಸ್ ಅನ್ನೋ ಶಬ್ದ.’

ಆ ಟೇಬಲ್ ತಗೊಂಡು ಬೇರೆ ಮೆಕ್ಯಾನಿಕ್ ಹತ್ರ ಹೋದ್ವಿ. ಅವರು ಓದಿ, ‘ಮೇಷ್ಟ್ರೇ, ಅರ್ಧ ಕೆಲಸ ನೀವೇ ಮಾಡಿದ್ದೀರಿ’ ಅಂತ ನಕ್ಕರು. ಎಂಜಿನ್ ಸ್ಟಾರ್ಟ್ ಮಾಡಿಸಿ, ನೀರಿನ ಸ್ಪ್ರೇ ಬಾಟಲಲ್ಲಿ ಮ್ಯಾನಿಫೋಲ್ಡ್ ಸುತ್ತ ಇರೋ ಪೈಪುಗಳ ಮೇಲೆ ಒಂದೊಂದಾಗಿ ಹೊಡೆದ್ರು. ಹಿಂಭಾಗದ ಒಂದು ಪೈಪಿನ ಮೇಲೆ ನೀರು ಬಿದ್ದಾಗ ಐಡಲ್ ಥಟ್ ಅಂತ ಬದಲಾಯ್ತು. ಬಿಚ್ಚಿ ನೋಡಿದ್ರೆ ಮೇಲ್ಗಡೆ ನೀಟಾಗಿತ್ತು, ಕೆಳಗಡೆ ಉಗುರಿನಷ್ಟು ಸೀಳು. ಥ್ರಾಟಲ್ ಒಳಗೂ ಕಪ್ಪು ಕಟ್ಟಿತ್ತು. ಪ್ಲಗ್ ಬದಲಾಯಿಸೋ ಕಾಲ ದಾಟಿತ್ತು.

ಬಿಲ್ಲು ಹೀಗೆ: ಪೈಪ್ 80, ನಾಲ್ಕು ಪ್ಲಗ್ 560, ಕ್ಲೀನಿಂಗ್ ಸ್ಪ್ರೇ 350, ಕೂಲಿ 400. ಒಟ್ಟು 1,390 ರೂಪಾಯಿ. ಗಾಡಿ ಆರ್‌ಸಿ ರಿನ್ಯೂ ಆಗಿ ಈಗಲೂ ಓಡ್ತಿದೆ.

ಎಲ್ಲರ ಕಾರಲ್ಲೂ ಪೈಪೇ ಸೀಳಿರತ್ತೆ ಅಂತ ನಾನು ಹೇಳ್ತಿಲ್ಲ. ಕೆಲಸಕ್ಕೆ ಬಂದಿದ್ದು ಹುಡುಕಿದ ಕ್ರಮ. ಆ ಕ್ರಮ ಏನು ಅಂತ ಈಗ ಒಂದೊಂದಾಗಿ ನೋಡೋಣ.

ಕಡಿಮೆ ಖರ್ಚಿನದ್ದು ಮೊದಲು

ಒಂದು, ಗಾಳಿ. ಏರ್ ಫಿಲ್ಟರ್ ತೆಗೆದು ನೋಡಿ. ರಬ್ಬರ್ ಪೈಪುಗಳನ್ನ, ಎಂಜಿನ್ ಆಫ್ ಆಗಿ ತಣ್ಣಗಿರುವಾಗ, ಕೈಯಲ್ಲಿ ಬಗ್ಗಿಸಿ ಕೆಳಭಾಗ ನೋಡಿ. ಬ್ರೇಕ್ ಬೂಸ್ಟರಿಗೆ ಹೋಗೋ ದಪ್ಪ ಪೈಪ್ ಮರೀಬೇಡಿ. ಐಡಲ್‌ನಲ್ಲಿ ಬ್ರೇಕ್ ಒತ್ತಿ ಹಿಡಿದಾಗ ಕಾಲ ಹತ್ರ ಉಸ್ಸ್ ಅಂತ ಕೇಳ್ತಾನೇ ಇದ್ದು ಆರ್‌ಪಿಎಂ ಬದಲಾದ್ರೆ ಬೂಸ್ಟರ್ ಲೀಕ್ ಇರಬಹುದು. ಅದು ಬರೀ ಐಡಲ್ ಪ್ರಶ್ನೆ ಅಲ್ಲ, ಬ್ರೇಕ್ ಪ್ರಶ್ನೆ. ಮುಂದೂಡಬೇಡಿ. ಲೀಕ್ ಹುಡುಕೋಕೆ ಕೆಲವರು ಕಾರ್ಬ್ಯುರೇಟರ್ ಕ್ಲೀನರ್ ಹೊಡೀತಾರೆ. ಬಿಸಿ ಎಂಜಿನ್ ಮೇಲೆ ಅದಕ್ಕೆ ಬೆಂಕಿ ಹತ್ತಬಹುದು. ನೀರು ಸಾಕು, ಅದನ್ನೂ ಪ್ಲಗ್ ವೈರ್, ಕಾಯಿಲ್ ಮೇಲೆ ಬೀಳದ ಹಾಗೆ ಹೊಡೀಬೇಕು.

ಎರಡು, ಥ್ರಾಟಲ್. ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಹೋಗೋದು ಒಂದು ಕೂದಲೆಳೆಯ ಸಂದಿಯಲ್ಲಿ, ಇಲ್ಲಾ ಪಕ್ಕದ ಒಂದು ಸಣ್ಣ ದಾರಿಯಲ್ಲಿ. ಆ ದಾರಿಗೆ ಐಡಲ್ ವಾಲ್ವ್ ಕಾವಲು. ವರ್ಷಗಟ್ಟಲೆ ಕಟ್ಟಿದ ಕರಿ ಅದನ್ನ ಮುಚ್ಚತ್ತೆ. ಸಿಗ್ನಲ್ ಹತ್ರ ಕ್ಲಚ್ ಒತ್ತಿದ ತಕ್ಷಣ ಆಫ್ ಆಗೋ ಗಾಡಿಗೆ ಮೊದಲು ಇದನ್ನ ಕ್ಲೀನ್ ಮಾಡಿಸಿ ನೋಡಿ. ಕ್ಲೀನ್ ಆದ ಮೇಲೆ ಕೆಲವು ಕಾರಿಗೆ ಐಡಲ್ ಮತ್ತೆ ಕಲಿಸಬೇಕಾಗತ್ತೆ. ಒಂದೆರಡು ದಿನ ಐಡಲ್ ಜಾಸ್ತಿ ಇದ್ರೆ ಗಾಬರಿ ಬೇಡ.

ಮೂರು, ಪ್ಲಗ್. ಬಿಚ್ಚಿದ ಪ್ಲಗ್ ಬಿಸಾಕಬೇಡಿ, ಯಾವುದು ಯಾವ ಸಿಲಿಂಡರಿನದ್ದು ಅಂತ ಸಾಲಾಗಿ ಇಟ್ಟು ಫೋಟೋ ತೆಗೀರಿ. ತುದಿ ತಿಳಿ ಕಂದು ಬಣ್ಣ ಇದ್ರೆ ಆರೋಗ್ಯ. ಒಣ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ವೀಕು. ಎಣ್ಣೆ ಒದ್ದೆ ಇದ್ರೆ ಎಂಜಿನ್ ಆಯಿಲ್ ಒಳಗೆ ಬರ್ತಿದೆ. ಬಿಳಿ ಬಿಳಿ ಇದ್ರೆ ಪೆಟ್ರೋಲ್ ಕಡಿಮೆ ಅಥವಾ ಶಾಖ ಜಾಸ್ತಿ. ನಾಲ್ಕೂ ಒಂದೇ ಥರ ಇದ್ರೆ ಸಮಸ್ಯೆ ಎಲ್ಲಕ್ಕೂ ಸೇರಿದ್ದು. ಒಂದು ಮಾತ್ರ ಬೇರೆ ಇದ್ರೆ ಹುಡುಕೋ ಜಾಗ ಕಾಲು ಭಾಗಕ್ಕೆ ಇಳೀತು.

ನಾಲ್ಕು, ಕಳ್ಳ ಸಿಲಿಂಡರ್ ಹಿಡಿಯೋದು. ಇದನ್ನ ಮೆಕ್ಯಾನಿಕ್ ಜೊತೆ ಮಾಡಿ. 800 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ನಿಮಿಷಕ್ಕೆ 400 ಸಲ, ಅಂದ್ರೆ ಸೆಕೆಂಡಿಗೆ ಆರೇಳು ಸಲ ಉರೀಬೇಕು. ಒಂದು ಸಿಲಿಂಡರ್ ರಜೆ ಹಾಕಿದ್ರೆ ಅಷ್ಟೂ ಸಲ ಎಂಜಿನ್ ಎಡವತ್ತೆ, ನಿಮ್ಮ ಸೀಟಿಗೆ ಬರೋ ನಡುಕ ಅದೇ. ಐಡಲ್‌ನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ತೆಗೆದು ಹಾಕ್ತಾ ಹೋಗಬೇಕು. ದುಡಿಯೋ ಸಿಲಿಂಡರಿನದ್ದು ತೆಗೆದ್ರೆ ಎಂಜಿನ್ ಇನ್ನೂ ಕುಸಿಯತ್ತೆ. ತೆಗೆದ್ರೂ ಏನೂ ವ್ಯತ್ಯಾಸ ಆಗದ ಸಿಲಿಂಡರೇ ಕೆಲಸ ಮಾಡದೆ ಸಂಬಳ ತಗೊಳ್ತಿರೋದು.

ಐದು, ಅದಲುಬದಲು. ಪ್ರತಿ ಸಿಲಿಂಡರಿಗೆ ಬೇರೆ ಬೇರೆ ಕಾಯಿಲ್ ಇರೋ ಕಾರಲ್ಲಿ, ಎರಡನೇದರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ ನೋಡಿ. ತೊಂದರೆ ಕಾಯಿಲ್ ಜೊತೆ ಓಡಿಹೋದ್ರೆ ತಪ್ಪು ಕಾಯಿಲಿನದ್ದು. ಅಲ್ಲೇ ಉಳಿದ್ರೆ ಕಾಯಿಲ್ ನಿರಪರಾಧಿ, ಇಂಜೆಕ್ಟರ್ ಇಲ್ಲಾ ಕಂಪ್ರೆಷನ್ ನೋಡಬೇಕು. ಇಲ್ಲಿವರೆಗೂ ನೀವು ಒಂದೂ ಹೊಸ ಪಾರ್ಟ್ ಕೊಂಡಿಲ್ಲ ಅನ್ನೋದನ್ನ ಗಮನಿಸಿ.

ಆರು, ಸ್ಕ್ಯಾನರ್. ಚೆಕ್ ಎಂಜಿನ್ ಲೈಟ್ ಬಂದಿದ್ರೆ ಕೋಡ್ ಓದಿಸಿ. ಪಿ 0301 ಅಂದ್ರೆ ಒಂದನೇ ಸಿಲಿಂಡರ್ ಮಿಸ್ ಹೊಡೀತಿದೆ ಅಂತ. ಪಿ 0171 ಅಂದ್ರೆ ಪೆಟ್ರೋಲಿಗೆ ಹೋಲಿಸಿದ್ರೆ ಗಾಳಿ ಜಾಸ್ತಿ ಅಂತ. ಕೋಡ್ ಹೇಳೋದು ರೋಗದ ಲಕ್ಷಣ, ಕೊಳ್ಳಬೇಕಾದ ಪಾರ್ಟಿನ ಹೆಸರಲ್ಲ. ಪಿ 0171 ಬಂತು ಅಂತ ಆಕ್ಸಿಜನ್ ಸೆನ್ಸರ್ ಬದಲಾಯಿಸಿದ್ರೆ, ನಿಜ ಹೇಳಿದ ಸಾಕ್ಷಿಯನ್ನೇ ಜೈಲಿಗೆ ಹಾಕಿದ ಹಾಗೆ ಆಗಬಹುದು. ಆ ಕೋಡಿಗೂ ಮೂಲ ಕಾರಣ ಒಂದು ಸೀಳಿದ ಪೈಪ್ ಇರಬಹುದು.

ಬಿಸಿಯಾದ ಮೇಲೆ ಆಫ್ ಆಗೋ ಗಾಡಿ

ಇದು ಬೇರೆ ಜಾತಿ ತೊಂದರೆ. ಅರ್ಧ ಗಂಟೆ ಚೆನ್ನಾಗಿ ಓಡತ್ತೆ, ದಿಢೀರ್ ಆಫ್. ಸ್ಟಾರ್ಟ್ ಆಗಲ್ಲ. ಇಪ್ಪತ್ತು ನಿಮಿಷ ಬಿಟ್ಟು ಟೀ ಕುಡಿದು ಬಂದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್. ಇಲ್ಲಿ ಮುಖ್ಯವಾಗಿ ಮೂವರ ಮೇಲೆ ಅನುಮಾನ: ಕ್ರ್ಯಾಂಕ್ ಪೊಸಿಷನ್ ಸೆನ್ಸರ್, ಇಗ್ನಿಷನ್ ಕಾಯಿಲ್, ಫ್ಯೂಯೆಲ್ ಪಂಪ್. ಮೂರೂ ಶಾಖಕ್ಕೆ ಕೈ ಕೊಟ್ಟು ತಣ್ಣಗಾದ ಮೇಲೆ ಸುಧಾರಿಸ್ಕೊಳ್ಳಬಹುದು. ಹಾಗಾಗಿ ಪರೀಕ್ಷೆ ಮಾಡಬೇಕಾದ್ದು ಗಾಡಿ ಸತ್ತಿರೋ ಆ ಇಪ್ಪತ್ತು ನಿಮಿಷದಲ್ಲೇ. ಇಂಜೆಕ್ಷನ್ ಕಾರಲ್ಲಿ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಜುಂಯ್ ಅನ್ನೋ ಪಂಪಿನ ಶಬ್ದ ಸಾಮಾನ್ಯವಾಗಿ ಕೇಳಬೇಕು. ಬೇರೆ ದಿನ ಕೇಳ್ತಿದ್ದು ಅವತ್ತು ಕೇಳದಿದ್ರೆ ಅದನ್ನ ಬರ್ಕೊಳ್ಳಿ. ತಣ್ಣಗಾದ ಗಾಡಿನ ಗ್ಯಾರೇಜಿಗೆ ಒಯ್ದು ‘ಏನೂ ಇಲ್ಲ ಸಾರ್, ಚೆನ್ನಾಗಿದೆ’ ಅಂತ ಕೇಳಿಸ್ಕೊಳ್ಳೋದಕ್ಕಿಂತ ಆ ಒಂದು ಸಾಲು ಎಷ್ಟೋ ವಾಸಿ.

ಎಥನಾಲ್ ಬಗ್ಗೆ ಎರಡು ಮಾತು

2023ರ ಫೆಬ್ರವರಿಯಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಲ್ಲೇ. ಅದರಲ್ಲಿ 20 ಪರ್ಸೆಂಟ್ ಎಥನಾಲ್. ಎಥನಾಲ್ ನೀರಿನ ಅಂಶ ಹೀರ್ಕೊಳ್ಳತ್ತೆ. ಎಷ್ಟೋ ಹಳೇ ಕಾರುಗಳ ರಬ್ಬರ್ ಪೈಪು, ಸೀಲುಗಳು ಈ ಪ್ರಮಾಣಕ್ಕೆ ಅಂತ ತಯಾರಾದವಲ್ಲ. ಹಾಗಂತ ಪ್ರತಿ ನಡುಕಕ್ಕೂ ಪೆಟ್ರೋಲ್ ಮೇಲೆ ಗೂಬೆ ಕೂರಿಸಬೇಡಿ. ವಾರಗಟ್ಟಲೆ ಗಾಡಿ ನಿಲ್ಲಿಸಬೇಡಿ, ಪೆಟ್ರೋಲ್ ಪೈಪುಗಳನ್ನ ಪ್ರತಿ ಸರ್ವಿಸಲ್ಲೂ ನೋಡಿಸಿ. ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದ್ರೆ ಸ್ಟಾರ್ಟ್ ಮಾಡಲೇಬೇಡಿ.

ಓಡುವಾಗ ಆಫ್ ಆದ್ರೆ

ಈ ಭಾಗ ಮನೇಲಿ ಕಾರು ಓಡಿಸೋ ಎಲ್ಲರಿಗೂ ಕೇಳಿಸಿ. ಎಂಜಿನ್ ಆಫ್ ಆದ್ರೂ ಬ್ರೇಕ್ ಇರತ್ತೆ, ಸ್ಟೇರಿಂಗೂ ತಿರುಗತ್ತೆ. ಆದ್ರೆ ಪವರ್ ಸ್ಟೇರಿಂಗ್ ಭಾರ ಆಗಬಹುದು. ಬ್ರೇಕ್ ಬೂಸ್ಟರಲ್ಲಿ ಉಳಿದಿರೋ ವ್ಯಾಕ್ಯೂಮ್ ಒಂದೆರಡು ಸಲಕ್ಕೆ ಸಾಕಾಗತ್ತೆ, ಆಮೇಲೆ ಪೆಡಲ್ ಕಲ್ಲಿನಂತೆ ಗಟ್ಟಿ. ಅದಕ್ಕೇ ಬ್ರೇಕನ್ನ ಪಂಪ್ ಮಾಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀರಿ. ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ಸರಿಸಿ. ಗಾಡಿ ಚಲಿಸ್ತಿರುವಾಗ ಕೀ ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೀಬೇಡಿ, ಸ್ಟೇರಿಂಗ್ ಲಾಕ್ ಆಗಿಬಿಡತ್ತೆ. ನಿಂತ ಮೇಲೆ ನ್ಯೂಟ್ರಲ್‌ಗೆ ಹಾಕಿ ಸ್ಟಾರ್ಟ್ ಮಾಡಿ.

ಮನೇಲಿ ಪರೀಕ್ಷೆ ಮಾಡುವಾಗ ಗಾಡಿ ಬಯಲಲ್ಲಿರಲಿ. ಬಾಗಿಲು ಹಾಕಿದ ಶೆಡ್ಡಲ್ಲಿ ಎಂಜಿನ್ ಆನ್ ಇಡೋದು ಜೀವಕ್ಕೇ ಅಪಾಯ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದಿರಲಿ. ದುಪಟ್ಟಾ, ಚೈನ್, ಉದ್ದ ತೋಳು ಬೆಲ್ಟಿನ ಹತ್ರ ಬೇಡ. ರೇಡಿಯೇಟರ್ ಫ್ಯಾನ್ ಎಂಜಿನ್ ಆಫ್ ಇದ್ದಾಗಲೂ ತಾನಾಗೇ ತಿರುಗಬಹುದು.

ಎಲ್ಲಿ ನಿಲ್ಲಿಸಬೇಕು

ಗಾಳಿ, ಥ್ರಾಟಲ್, ಪ್ಲಗ್, ಕಾಯಿಲ್, ಇಂಜೆಕ್ಟರ್ ಎಲ್ಲ ಸರಿ ಇದ್ದೂ ಒಂದು ಸಿಲಿಂಡರ್ ಸತ್ತಿದೆ ಅಂದ್ರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಆ ಸಿಲಿಂಡರಿನ ಅಂಕಿ ಉಳಿದವುಗಳಿಗಿಂತ ತೀರಾ ಕಡಿಮೆ ಬಂದ್ರೆ ತೊಂದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಎಂಜಿನ್ ಬಿಚ್ಚೋ ಕೆಲಸ ಅದು. ಗಾಡಿಯ ಬೆಲೆ ಎಷ್ಟು, ರಿಪೇರಿ ಎಷ್ಟು ಅಂತ ಲೆಕ್ಕ ಹಾಕಬೇಕಾದ್ದು ಆಗ. ಗುಜರಿಗೆ ಕೊಡೋದೇ ಸರಿ ಅನ್ನಿಸಿದ್ರೆ ಕೊಡಿ. ಆದ್ರೆ ಆ ತೀರ್ಮಾನ ಕಂಪ್ರೆಷನ್ ಅಂಕಿ ಕೈಯಲ್ಲಿ ಹಿಡ್ಕೊಂಡು ಆಗಬೇಕೇ ಹೊರತು, ಯಾರದೋ ಊಹೆ ಮೇಲೆ ಅಲ್ಲ.

ಮುಂದಿನ ಸಲ ಗ್ಯಾರೇಜಲ್ಲಿ ಯಾರಾದ್ರೂ ‘ಇದು ಬದಲಾಯಿಸಬೇಕು ಸಾರ್’ ಅಂದ್ರೆ ಜಗಳ ಆಡಬೇಡಿ. ‘ಇದೇ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು ಅಣ್ಣಾ? ಒಂಚೂರು ತೋರಿಸ್ತೀರಾ?’ ಅಂತ ಕೇಳಿ. ಕೆಲಸ ಗೊತ್ತಿರೋ ಮೆಕ್ಯಾನಿಕ್ ಖುಷಿಯಿಂದ ತೋರಿಸ್ತಾರೆ. ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಕೇಳಿ ಇಸ್ಕೊಳ್ಳಿ. ಮತ್ತೆ ಪರೀಕ್ಷೆಗೆ ಅಂತ ಅವರು ಅರ್ಧ ಗಂಟೆ ಕಳೆದಿದ್ರೆ, ಪಾರ್ಟ್ ಏನೂ ಮಾರಿಲ್ಲ ಅಂದ್ರೂ, ಆ ಅರ್ಧ ಗಂಟೆಗೆ ದುಡ್ಡು ಕೊಡಿ. ಹುಡುಕೋ ಕೆಲಸಕ್ಕೆ ನಾವು ಕೂಲಿ ಕೊಡದೇ ಹೋದ್ರೆ, ಅವರು ಪಾರ್ಟ್ ಮಾರಿಯೇ ಬದುಕಬೇಕಾಗತ್ತೆ.

ಈ ಎಪಿಸೋಡನ್ನ ಹಳೇ ಕಾರಿರೋ ನಿಮ್ಮ ಮನೆಯವರಿಗೆ, ಫ್ರೆಂಡ್ಸಿಗೆ ಕಳಿಸಿ.